ಕಂಪ್ಯೂಟರ್ ಒಳಗೆ ಬಿಡ್ತಿಲ್ವಾ? ಫಾರ್ಮ್ಯಾಟ್ ಹೊಡೆಸೋ ಮುಂಚೆ ಇಷ್ಟು ನೋಡಿ

"ಪಾಸ್‌ವರ್ಡ್ ಸರಿಯಾಗೇ ಹಾಕ್ತಿದೀನಿ, ತಗೋತಾನೇ ಇಲ್ಲ, ಏನ್ ಮಾಡ್ಲಿ?" ಅಂತ ಎಷ್ಟು ಜನ ಕೇಳಿದಾರೆ ಅಂದ್ರೆ, ಪ್ರತಿ ಸಲ ಫೋನಲ್ಲಿ ಅರ್ಧ ಗಂಟೆ ಹೇಳೋ ಬದಲು ಒಂದೇ ಕಡೆ ಬರೆದಿಟ್ಟುಬಿಡೋಣ ಅಂತ ಕೂತೆ. ಕೇಳೋರಲ್ಲಿ ಸುಮಾರು ಜನ ಆಗ್ಲೇ ಹತ್ತಿರದ ಅಂಗಡಿಗೆ ಹೋಗಿ "ಫಾರ್ಮ್ಯಾಟ್ ಮಾಡ್ಬೇಕಾಗತ್ತೆ ಸಾರ್" ಅನ್ನಿಸ್ಕೊಂಡು ಬಂದಿರ್ತಾರೆ. ಫಾರ್ಮ್ಯಾಟ್ ಅಂದ್ರೆ ಡಿಸ್ಕಲ್ಲಿರೋದನ್ನ ಪೂರ್ತಿ ಒರೆಸಿ ವಿಂಡೋಸ್ ಹೊಸದಾಗಿ ಹಾಕೋದು, ಮಗುವಿನ ನಾಮಕರಣದ ಫೋಟೋದಿಂದ ಹಿಡಿದು ಟ್ಯಾಲಿ ಲೆಕ್ಕದವರೆಗೆ ಎಲ್ಲಾ ಹೋಗತ್ತೆ. ಅಂಗಡಿಯವ್ರಿಗೆ ಅದು ಒಂದು ಗಂಟೆ ಕೆಲಸ ಅಷ್ಟೆ, ಅದಕ್ಕೇ ಮೊದ್ಲು ಅದನ್ನೇ ಹೇಳ್ತಾರೆ.

ಇಲ್ಲಿ ಹೇಳಿರೋದು ಮನೆ ಕಂಪ್ಯೂಟರ್‌ಗೆ, ವಿಂಡೋಸ್ 10 ಮತ್ತು 11ಕ್ಕೆ. ಆಫೀಸ್ ಕೊಟ್ಟಿರೋ ಲ್ಯಾಪ್‌ಟಾಪ್ ಆದ್ರೆ ಏನೂ ಮುಟ್ಟಬೇಡಿ, ಅವರ ಐಟಿ ವಿಭಾಗಕ್ಕೆ ಫೋನ್ ಮಾಡಿ.

ಹತ್ರ ಇಟ್ಕೋಬೇಕಾದ್ದು: ಇಂಟರ್ನೆಟ್ ಇರೋ ಫೋನು, ಲ್ಯಾಪ್‌ಟಾಪ್ ಚಾರ್ಜರ್ (ಹಾಕೇ ಇರ್ಲಿ, ತೆಗೀಬೇಡಿ), ಒಂದು ನೋಟ್‌ಬುಕ್ ಪೆನ್ನು. ಕೊನೇ ಹಂತಗಳವರೆಗೂ ಹೋಗ್ಬೇಕಾಗಿ ಬಂದ್ರೆ 8 ಜಿಬಿ ಪೆನ್‌ಡ್ರೈವ್ ಒಂದು, ಫೈಲ್ ತುಂಬ್ಕೊಳ್ಳೋಕೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದು, ಮತ್ತೆ ಯಾರದ್ದಾದ್ರೂ ಇನ್ನೊಂದು ಕಂಪ್ಯೂಟರ್. ಎಲ್ಲಕ್ಕಿಂತ ಮುಂಚೆ, ಸುಮ್ನೆ ಮೇಲಿಂದ ಮೇಲೆ ಪಾಸ್‌ವರ್ಡ್ ಹಾಕ್ತಾ ಹೋಗೋದನ್ನ ನಿಲ್ಲಿಸಿ. ಯಾಕೆ ಅಂತ ಮುಂದೆ ಬರತ್ತೆ.

1. ಸ್ಕ್ರೀನ್ ಏನ್ ಹೇಳ್ತಿದೆ ಓದಿ, ಫೋಟೋ ತೆಗೀರಿ

ಇದು ತಮಾಷೆ ಅಲ್ಲ. "ಏನೋ ಇಂಗ್ಲಿಷಲ್ಲಿ ಬರತ್ತೆ" ಅಂದ್ರೆ ಯಾರಿಗೂ ಏನೂ ಹೇಳೋಕಾಗಲ್ಲ. ಒಳಗೆ ಬಿಡ್ತಿಲ್ಲ ಅನ್ನೋದ್ರಲ್ಲಿ ಐದು ಬೇರೆ ಬೇರೆ ಕಾಯಿಲೆ ಇದೆ, ಒಂದರ ಔಷಧಿ ಇನ್ನೊಂದಕ್ಕೆ ಆಗಲ್ಲ.

ಕಂಪನಿ ಲೋಗೋ ಬರೋಕೂ ಮುಂಚೆ, ಆನ್ ಮಾಡಿದ ತಕ್ಷಣ ಪಾಸ್‌ವರ್ಡ್ ಕೇಳಿದ್ರೆ ಅದು ಬಯೋಸ್ ಪಾಸ್‌ವರ್ಡ್. ಬಯೋಸ್ ಅಂದ್ರೆ ವಿಂಡೋಸ್ ಶುರುವಾಗೋ ಮುಂಚೆ ಯಂತ್ರನ ಎಬ್ಬಿಸೋ ಪುಟ್ಟ ಪ್ರೋಗ್ರಾಮ್, ಮದರ್‌ಬೋರ್ಡ್‌ನಲ್ಲೇ ಕೂತಿರತ್ತೆ. ಇದಕ್ಕೂ ವಿಂಡೋಸ್‌ಗೂ ಸಂಬಂಧ ಇಲ್ಲ, ಬಿಲ್ ತಗೊಂಡು ಆ ಬ್ರಾಂಡಿನ ಸರ್ವಿಸ್ ಸೆಂಟರ್‌ಗೆ ಹೋಗಿ. ಒಳಗಿರೋ ಚಿಕ್ಕ ಬಟನ್ ಬ್ಯಾಟರಿ ತೆಗೆದು ಹಾಕಿದ್ರೆ ಹೋಗತ್ತೆ ಅಂತ ಹೇಳೋರು ಸಿಗ್ತಾರೆ, ಹಳೇ ಡೆಸ್ಕ್‌ಟಾಪಲ್ಲಿ ಆಗ್ತಿತ್ತು, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಆಗಲ್ಲ.

ನೀಲಿ ಸ್ಕ್ರೀನಲ್ಲಿ "ರಿಕವರಿ ಕೀ" ಕೇಳಿದ್ರೆ ಅದು ಬಿಟ್‌ಲಾಕರ್, ಸೀದಾ 6ನೇ ಹಂತಕ್ಕೆ ಹೋಗಿ. ಪಾಸ್‌ವರ್ಡ್ ತಗೊಂಡು ಆಮೇಲೆ ಕಪ್ಪು ಪರದೆ ಬಂದ್ರೆ, ಸುತ್ತುತಾ ಕೂತ್ರೆ, ಇಲ್ಲಾ ಖಾಲಿ ಡೆಸ್ಕ್‌ಟಾಪ್ ತೋರಿಸಿದ್ರೆ 7ನೇ ಹಂತ. ಪಿನ್ ಅಥವಾ ಪಾಸ್‌ವರ್ಡ್ ತಪ್ಪು ಅಂತಿದ್ರೆ, ಇಲ್ಲಾ ಪಿನ್ ಲಭ್ಯ ಇಲ್ಲ ಅಂತಿದ್ರೆ ಇಲ್ಲಿಂದ ಸಾಲಾಗಿ ಓದ್ತಾ ಹೋಗಿ.

2. ಮೊದ್ಲು ಕೀಬೋರ್ಡ್ ಮೇಲೆ ಅನುಮಾನ ಪಡಿ

ಪಾಸ್‌ವರ್ಡ್ ಮರೆತಿದೀವಿ ಅಂತ ಬರೋರಲ್ಲಿ ಎಷ್ಟೋ ಜನ ಮರೆತೇ ಇರಲ್ಲ. ನಮ್ಮ ಚಿಕ್ಕಪ್ಪ ಗೃಹಪ್ರವೇಶದ ಪತ್ರಿಕೆ ಟೈಪ್ ಮಾಡೋಕೆ ಕೀಬೋರ್ಡನ್ನ ಕನ್ನಡಕ್ಕೆ ಹಾಕ್ಕೊಂಡು, ಹಾಗೇ ಬಿಟ್ಟು ಊಟಕ್ಕೆ ಎದ್ದು ಹೋದ್ರು. ಬಂದು ನೋಡಿದ್ರೆ ಲಾಕು. ಅದೇ ಹಳೇ ಇಂಗ್ಲಿಷ್ ಪಾಸ್‌ವರ್ಡ್ ಒತ್ತುತಾರೆ, ತಗೊಳ್ಳಲ್ಲ, ಬಾಕ್ಸಲ್ಲಿ ಬರೀ ಚುಕ್ಕಿ ಕಾಣ್ಸೋದ್ರಿಂದ ಒಳಗೆ ಹೋಗ್ತಿರೋದು ಕನ್ನಡ ಅಕ್ಷರ ಅಂತ ಗೊತ್ತಾಗೋದಾದ್ರೂ ಹೆಂಗೆ. ಎರಡು ದಿನ ಒದ್ದಾಡಿದ ಮೇಲೆ ನಂಗೆ ಫೋನ್ ಮಾಡಿದ್ರು. ಬಾಕ್ಸಿನ ತುದೀಲಿರೋ ಕಣ್ಣಿನ ಗುರುತು ಒತ್ತಿ ಹಿಡ್ಕೊಳ್ಳಿ ಚಿಕ್ಕಪ್ಪ ಅಂದೆ, "ಏನೋ ಇದು, ಕೊಂಬು ದೀರ್ಘ ಎಲ್ಲಾ ಬರ್ತಿದೆ!" ಅಂದ್ರು.

ಹಾಗಾಗಿ ಮಾಡ್ಬೇಕಾದ್ದು ಇಷ್ಟು. ಲಾಗಿನ್ ಸ್ಕ್ರೀನಲ್ಲಿ ಬಲಗಡೆ ಕೆಳಗೆ ಯಾವ ಭಾಷೆ ತೋರಿಸ್ತಿದೆ ನೋಡಿ, ವಿಂಡೋಸ್ ಕೀ ಜೊತೆ ಸ್ಪೇಸ್ ಬಾರ್ ಒತ್ತಿದ್ರೆ ಬದಲಾಗತ್ತೆ. ಅದು ಇಂಗ್ಲಿಷೇ ಇದ್ರೂ ಅಮೆರಿಕದ್ದಾ ಬ್ರಿಟನ್ನಿನದ್ದಾ ನೋಡಿ, ಯಾಕಂದ್ರೆ ಯುಕೆ ಕೀಬೋರ್ಡ್ ಆಯ್ಕೆ ಆಗಿದ್ರೆ ಶಿಫ್ಟ್ ಜೊತೆ 2 ಒತ್ತಿದಾಗ ಇಮೇಲಲ್ಲಿ ಹಾಕೋ 'ಅಟ್' ಚಿಹ್ನೆ ಬರೋ ಬದಲು ಉದ್ಧರಣ ಚಿಹ್ನೆ ಬರತ್ತೆ, ಪಾಸ್‌ವರ್ಡಲ್ಲಿ 'ಅಟ್' ಇಟ್ಕೊಂಡಿರೋರು ನಮ್ಮಲ್ಲಿ ಕಮ್ಮಿ ಜನ ಏನಲ್ಲ. ಕ್ಯಾಪ್ಸ್ ಲಾಕ್ ನೋಡಿ. ನಂಬರ್ ಲಾಕ್ (ಕೀಬೋರ್ಡ್ ಮೇಲೆ 'ನಮ್ ಲಾಕ್' ಅಂತಿರೋ ಕೀ) ನೋಡಿ, ಹಳೇ ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ಅದು ಆನ್ ಆಗಿದ್ರೆ 'ಜೆ' ಒತ್ತಿದ್ರೆ 1, 'ಕೆ' ಒತ್ತಿದ್ರೆ 2, 'ಎಲ್' ಒತ್ತಿದ್ರೆ 3 ಬರತ್ತೆ. ಯಾವುದೋ ಒಂದು ಕೀ ಕೆಲಸಾನೇ ಮಾಡ್ತಿಲ್ಲ ಅನ್ಸಿದ್ರೆ ಅದೇ ಮೂಲೇಲಿ ಆ್ಯಕ್ಸೆಸಿಬಿಲಿಟಿ ಚಿಹ್ನೆ (ವಿಂಡೋಸ್ 11ರಲ್ಲಿ ಮನುಷ್ಯನ ಆಕಾರ, 10ರಲ್ಲಿ 'ಈಸ್ ಆಫ್ ಆ್ಯಕ್ಸೆಸ್') ಇರತ್ತೆ, ಅದ್ರಲ್ಲಿ ಆನ್-ಸ್ಕ್ರೀನ್ ಕೀಬೋರ್ಡ್ ತೆಗೆದು ಮೌಸಲ್ಲೇ ಕ್ಲಿಕ್ ಮಾಡಿ ಟೈಪ್ ಮಾಡಬಹುದು. ಚಹಾ ಚೆಲ್ಲಿದ ಇತಿಹಾಸ ಇರೋ ಲ್ಯಾಪ್‌ಟಾಪ್ ಆದ್ರೆ ಇದನ್ನೇ ಮೊದ್ಲು ಮಾಡಿ.

ಇನ್ನೊಂದು, ಲಾಕ್ ಸ್ಕ್ರೀನಲ್ಲಿ ತಾರೀಖು ಸರಿ ಇದೆಯಾ? ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡ್ ಮೇಲಿನ ಬಟನ್ ಸೆಲ್ (ಸಾಮಾನ್ಯವಾಗಿ ಸಿಆರ್2032) ಸತ್ತು ಹೋದ್ರೆ ತಾರೀಖು ವರ್ಷಗಟ್ಲೆ ಹಿಂದಕ್ಕೆ ಹೋಗ್ಬಿಡತ್ತೆ, ಆಗ ಪಿನ್ ರೀಸೆಟ್ ಮಾಡೋ ಪೇಜೇ ತೆರೆಯಲ್ಲ. ಬಯೋಸಲ್ಲಿ ತಾರೀಖು ಸರಿ ಮಾಡಿ, ಸೆಲ್ ಬದಲಾಯಿಸಿ.

3. ನಿಮ್ಮದು ಯಾವ ಅಕೌಂಟು ಅಂತ ಕಂಡುಹಿಡೀರಿ

ಇಲ್ಲಿ ಜನ ತುಂಬಾ ಗೊಂದಲ ಮಾಡ್ಕೋತಾರೆ, ನಿಧಾನಕ್ಕೆ ಓದಿ.

ಮೈಕ್ರೋಸಾಫ್ಟ್ ಅಕೌಂಟ್ ಅಂದ್ರೆ ಒಂದು ಇಮೇಲ್ ವಿಳಾಸಕ್ಕೆ ಕಟ್ಟಿರೋ ಖಾತೆ, ಅದರ ಪಾಸ್‌ವರ್ಡ್ ಮೈಕ್ರೋಸಾಫ್ಟ್ ಕಡೆ ಇರೋದ್ರಿಂದ ಫೋನಿಂದಲೇ ಬದಲಾಯಿಸಬಹುದು. ಲೋಕಲ್ ಅಕೌಂಟ್ ಅಂದ್ರೆ ಆ ಕಂಪ್ಯೂಟರ್ ಒಳಗೆ ಮಾತ್ರ ಇರೋ ಖಾತೆ, ಹೊರಗೆ ಯಾರಿಗೂ ಗೊತ್ತಿಲ್ಲ, ಮೈಕ್ರೋಸಾಫ್ಟ್‌ಗೂ ಗೊತ್ತಿಲ್ಲ. ಲಾಗಿನ್ ಸ್ಕ್ರೀನಲ್ಲಿ ಹೆಸರಿನ ಕೆಳಗೆ ಇಮೇಲ್ ಕಂಡ್ರೆ ಮೊದಲನೇದು. ಇಮೇಲ್ ಕಾಣ್ಲಿಲ್ಲ ಅಂದ ಮಾತ್ರಕ್ಕೆ ಲೋಕಲ್ ಅಂತ ತೀರ್ಮಾನ ಮಾಡ್ಬೇಡಿ, ಎಷ್ಟೋ ಕಡೆ ಅದನ್ನ ಮುಚ್ಚಿಟ್ಟಿರತ್ತೆ. ಒಂದು ಸಲ ಪಾಸ್‌ವರ್ಡ್ ತಪ್ಪು ಹಾಕಿ ಏನು ಹೇಳತ್ತೆ ನೋಡಿ. ಮೈಕ್ರೋಸಾಫ್ಟ್ ಅಕೌಂಟಿನ ಪಾಸ್‌ವರ್ಡ್ ಹಾಕಿ ಅಂತ ಹೇಳಿದ್ರೆ ಗೊತ್ತಾಯ್ತಲ್ಲ.

ಪಿನ್ ಬೇರೆ, ಪಾಸ್‌ವರ್ಡ್ ಬೇರೆ. ಪಿನ್ ಆ ಒಂದು ಕಂಪ್ಯೂಟರ್‌ಗೆ ಮಾತ್ರ ಸೀಮಿತ, ಫೋನಲ್ಲೋ ಇನ್ನೊಂದು ಲ್ಯಾಪ್‌ಟಾಪಲ್ಲೋ ಅದು ನಡೆಯಲ್ಲ. ಜಿಮೇಲ್ ಪಾಸ್‌ವರ್ಡ್ ಅಂತೂ ಪೂರ್ತಿ ಬೇರೆ. ಜಿಮೇಲ್ ವಿಳಾಸ ಕೊಟ್ಟು ಮೈಕ್ರೋಸಾಫ್ಟ್ ಅಕೌಂಟ್ ಮಾಡ್ಕೊಂಡಿರೋರು ಜಿಮೇಲ್ ಪಾಸ್‌ವರ್ಡ್ ಹಾಕಿ ಹಾಕಿ ಸುಸ್ತಾಗಿರ್ತಾರೆ, ವಿಳಾಸ ಅದೇ ಆದ್ರೂ ಬೀಗ ಎರಡು.

ನಮ್ಮ ಕಡೆ ಇನ್ನೊಂದು ಪಾಡು. ಲ್ಯಾಪ್‌ಟಾಪ್ ತಗೊಂಡ ದಿನ ಅಂಗಡಿ ಹುಡುಗನೇ ಎಲ್ಲಾ ಸೆಟಪ್ ಮಾಡಿ ಕೊಟ್ಟಿರ್ತಾನೆ, ಇಲ್ಲಾ ಅಮೆರಿಕದಿಂದ ರಜೆಗೆ ಬಂದ ಮಗ ಅವನದ್ದೇ ಇಮೇಲ್ ಹಾಕಿ ಹೋಗಿರ್ತಾನೆ. ನಿಮಗೆ ಗೊತ್ತಿರೋದು ನಾಲ್ಕು ಅಂಕಿ ಪಿನ್ ಒಂದೇ. ಹಂಗಿದ್ರೆ ಮೊದ್ಲು ಅವರಿಗೆ ಫೋನ್ ಮಾಡಿ ಯಾವ ಇಮೇಲ್ ಕೊಟ್ಟಿದ್ರು ಕೇಳಿ. ಲ್ಯಾಪ್‌ಟಾಪ್ ಬಾಕ್ಸ್ ಮೇಲೆ, ವಾರಂಟಿ ಕಾರ್ಡ್ ಹಿಂದೆ ಪೆನ್ನಲ್ಲಿ ಬರೆದಿರೋ ಸಾಧ್ಯತೇನೂ ಇದೆ, ಹುಡುಕಿ.

4. ಪಿನ್ ತೊಂದರೆ

ಪಿನ್ ಬಾಕ್ಸಿನ ಕೆಳಗೆ "ಸೈನ್-ಇನ್ ಆಪ್ಷನ್ಸ್" ಅಂತ ಇರತ್ತೆ, ಅದ್ರಲ್ಲಿ ಕೀಲಿ ಚಿತ್ರ ಒತ್ತಿದ್ರೆ ಪಿನ್ ಬದಲು ಪಾಸ್‌ವರ್ಡ್ ಹಾಕೋ ಜಾಗ ಸಿಗತ್ತೆ. ಪಾಸ್‌ವರ್ಡ್ ನೆನಪಿದ್ರೆ ಕೆಲಸ ಮುಗೀತು, ಒಳಗೆ ಹೋಗಿ ಸೆಟ್ಟಿಂಗ್ಸಲ್ಲಿ ಹೊಸ ಪಿನ್ ಮಾಡ್ಕೊಳ್ಳಿ. ಕೀಲಿ ಚಿತ್ರಾನೇ ಇಲ್ಲ ಅಂದ್ರೆ ಗಾಬರಿ ಬೇಡ, ಮೈಕ್ರೋಸಾಫ್ಟ್ ಅಕೌಂಟ್‌ಗೆ ಪಿನ್, ಮುಖ, ಬೆರಳಚ್ಚು ಮಾತ್ರ ಸಾಕು ಅನ್ನೋ ಸೆಟ್ಟಿಂಗ್ ಒಂದಿದೆ, ಅದು ಆನ್ ಆಗಿದ್ರೆ ಪಾಸ್‌ವರ್ಡ್ ಆಯ್ಕೆ ಕಾಣಲ್ಲ. ಆಗ "ಐ ಫರ್ಗಾಟ್ ಮೈ ಪಿನ್" ಒತ್ತಿ. ಅದಕ್ಕೆ ಇಂಟರ್ನೆಟ್ ಬೇಕೇ ಬೇಕು, ಬಲಗಡೆ ಮೂಲೆಯ ವೈಫೈ ಗುರುತು ಒತ್ತಿ ಮನೆ ವೈಫೈಗೋ ಫೋನ್ ಹಾಟ್‌ಸ್ಪಾಟ್‌ಗೋ ಕನೆಕ್ಟ್ ಮಾಡಿ. ಮೈಕ್ರೋಸಾಫ್ಟ್ ಪಾಸ್‌ವರ್ಡ್ ಕೇಳತ್ತೆ, ಫೋನ್‌ಗೆ ಇಲ್ಲಾ ಇಮೇಲ್‌ಗೆ ಕೋಡ್ ಕಳಿಸತ್ತೆ, ಹೊಸ ಪಿನ್ ಹಾಕಿಸಿಕೊಳ್ಳತ್ತೆ. 2025ರ ಮೇ ಆದ್ಮೇಲೆ ಮಾಡಿದ ಹೊಸ ಅಕೌಂಟ್‌ಗಳಲ್ಲಿ ಪಾಸ್‌ವರ್ಡೇ ಇಲ್ದೇ ಇರಬಹುದು, ಆಗ ಬರೀ ಕೋಡ್ ಕೇಳತ್ತೆ.

"ಪಿನ್ ಈಸಂಟ್ ಅವೈಲಬಲ್" ಅಂತ ಬಂದ್ರೆ ನಿಮ್ಮ ಪಿನ್ ತಪ್ಪಲ್ಲ. ಪಿನ್ನಿನ ಗುಟ್ಟು ಇರೋದು ಟಿಪಿಎಂ ಅನ್ನೋ ಭದ್ರತಾ ಚಿಪ್ ಒಳಗೆ, ಬಯೋಸ್ ಅಪ್‌ಡೇಟ್ ಆದಾಗಲೋ ಮದರ್‌ಬೋರ್ಡ್ ಬದಲಾದಾಗಲೋ ಆ ನಂಟು ಕಳಚಿ ಹೋಗತ್ತೆ. ಒಂದು ಸಲ ಪೂರ್ತಿ ರೀಸ್ಟಾರ್ಟ್ ಮಾಡಿ, ಸರಿ ಹೋಗ್ಲಿಲ್ಲ ಅಂದ್ರೆ ಅಲ್ಲೇ ಪಿನ್ ಮತ್ತೆ ಸೆಟಪ್ ಮಾಡಿ ಅಂತ ಬರತ್ತಲ್ಲ ಅದನ್ನ ಒತ್ತಿ.

ಈಗ ಮೇಲಿಂದ ಮೇಲೆ ಹಾಕ್ಬೇಡಿ ಅಂದಿದ್ದು ಯಾಕೆ ಅಂತ. ನಾಲ್ಕೈದು ಸಲ ಪಿನ್ ತಪ್ಪಾದ್ರೆ 'ಎ1ಬಿ2ಸಿ3' ಅಂತ ಟೈಪ್ ಮಾಡೋಕೆ ಹೇಳತ್ತೆ, ಮನುಷ್ಯರೇ ಒತ್ತುತಿದಾರಾ ಅಂತ ಪರೀಕ್ಷೆ ಅದು, ಹಾಗೇ ಟೈಪ್ ಮಾಡಿ. ಇನ್ನೂ ತಪ್ಪಾದ್ರೆ ರೀಸ್ಟಾರ್ಟ್ ಮಾಡು ಅನ್ನತ್ತೆ. ಅಲ್ಲಿಗೂ ಬಿಡದೆ ಒತ್ತುತಾ ಹೋದ್ರೆ ಆ ಟಿಪಿಎಂ ಚಿಪ್ಪೇ ಮುನಿಸ್ಕೊಂಡು ಬೀಗ ಹಾಕತ್ತೆ, ಆಗ ಕಂಪ್ಯೂಟರನ್ನ ಆನ್ ಮಾಡಿ ಎರಡು ಗಂಟೆ ಹಾಗೇ ಬಿಡ್ಬೇಕು, ಆಫ್ ಮಾಡಿ ಬಿಟ್ರೆ ಲೆಕ್ಕಕ್ಕಿಲ್ಲ. ಪಾಸ್‌ವರ್ಡ್‌ಗೂ ಹೀಗೇ, ವಿಂಡೋಸ್ 11ರ ಹೊಸ ಇನ್‌ಸ್ಟಾಲ್‌ಗಳಲ್ಲಿ 10 ಸಲ ತಪ್ಪಾದ್ರೆ 10 ನಿಮಿಷ ಲಾಕ್.

5. ಪಾಸ್‌ವರ್ಡ್ ನಿಜವಾಗ್ಲೂ ಮರೆತಿದ್ರೆ

ಮೈಕ್ರೋಸಾಫ್ಟ್ ಅಕೌಂಟ್ ಆದ್ರೆ: ಫೋನಲ್ಲಿ 'ಅಕೌಂಟ್ ಡಾಟ್ ಲೈವ್ ಡಾಟ್ ಕಾಮ್' ತೆರೆದು, ಪಾಸ್‌ವರ್ಡ್ ಮರೆತಿದೆ ಅಂತ ಕೊಡಿ. ನಿಮ್ಮ ಫೋನ್ ನಂಬರಿನ ಕೊನೇ ಅಂಕಿಗಳನ್ನೋ ಇನ್ನೊಂದು ಇಮೇಲಿನ ಚೂರನ್ನೋ ತೋರಿಸತ್ತೆ, ನೀವು ಪೂರ್ತಿ ಮಾಡಿದ್ರೆ ಕೋಡ್ ಬರತ್ತೆ, ಹೊಸ ಪಾಸ್‌ವರ್ಡ್ ಹಾಕಿ. ಇಷ್ಟಾದ ಮೇಲೆ ಎಲ್ಲರೂ ಎಡವೋದು ಎಲ್ಲಿ ಅಂದ್ರೆ, ಕಂಪ್ಯೂಟರ್‌ನ ಇಂಟರ್ನೆಟ್‌ಗೆ ಸೇರಿಸದೇ ಹೊಸ ಪಾಸ್‌ವರ್ಡ್ ಹಾಕ್ತಾರೆ. ಅದಕ್ಕೆ ಹೊಸದು ಬಂದಿರೋದೇ ಗೊತ್ತಿಲ್ಲ, ಹಳೇದನ್ನೇ ನೆನಪಿಟ್ಕೊಂಡು ಕೂತಿದೆ. ಲಾಗಿನ್ ಸ್ಕ್ರೀನಲ್ಲೇ ವೈಫೈ ಸೇರಿಸಿ, ಒಂದು ನಿಮಿಷ ಬಿಟ್ಟು ಹಾಕಿ.

ಕೋಡ್ ಹೋಗೋ ನಂಬರೇ ಈಗ ನಿಮ್ಮ ಹತ್ರ ಇಲ್ವಾ? ಪ್ರಿಪೇಯ್ಡ್ ಸಿಮ್ 90 ದಿನ ಬಳಸದೇ ಬಿಟ್ರೆ ಕಂಪನಿಯವರು ಬಂದ್ ಮಾಡಬಹುದು, ಆಮೇಲೆ ಆ ನಂಬರ್ ಬೇರೆ ಯಾರಿಗೋ ಹೋಗಿರತ್ತೆ. ಇನ್ನೂ ಬಂದ್ ಆಗಿಲ್ಲ, ಸಿಮ್ ಮಾತ್ರ ಕಳೆದಿದೆ ಅಂದ್ರೆ ಆಧಾರ್ ತಗೊಂಡು ಹೋಗಿ ಡೂಪ್ಲಿಕೇಟ್ ಸಿಮ್ ತಗೊಳ್ಳೋದು ಎಲ್ಲಕ್ಕಿಂತ ಸಲೀಸು ದಾರಿ. ಅದೂ ಆಗಲ್ಲ ಅಂದ್ರೆ ರಿಕವರಿ ಫಾರ್ಮ್ ಅಂತ ಇದೆ. ಹಳೇ ಪಾಸ್‌ವರ್ಡ್‌ಗಳು, ಇತ್ತೀಚೆಗೆ ಆ ಇಮೇಲಿಂದ ಯಾರಿಗೆ ಮೇಲ್ ಕಳಿಸಿದ್ರಿ, ಅದರ ವಿಷಯ ಏನಿತ್ತು, ಹೀಗೆಲ್ಲಾ ಕೇಳ್ತಾರೆ. ದಿನಕ್ಕೆ ಎರಡೇ ಸಲ ಕಳಿಸಬಹುದು. ನೀವು ಯಾವಾಗಲೂ ಬಳಸೋ ಮನೆ ವೈಫೈಯಿಂದಲೇ ತುಂಬಿ, ನೆಂಟರ ಮನೆಯಿಂದ ತುಂಬಿದ್ರೆ ಅವರಿಗೆ ಅನುಮಾನ ಜಾಸ್ತಿ. ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆ ಕೋಡನ್ನೂ ಕೇಳೋ ವ್ಯವಸ್ಥೆ) ಆನ್ ಮಾಡಿಟ್ಟಿದ್ರೆ ಈ ಫಾರ್ಮ್ ನಡೆಯಲ್ಲ. ಭದ್ರತಾ ನಂಬರ್, ಇಮೇಲ್ ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ 30 ದಿನ ಕಾಯಿಸ್ತಾರೆ, ಆ 30 ದಿನದಲ್ಲಿ ಮತ್ತೆ ಮತ್ತೆ ಏನೇನೋ ಮಾಡೋಕೆ ಹೋಗ್ಬೇಡಿ.

ಲೋಕಲ್ ಅಕೌಂಟ್ ಆದ್ರೆ: ಪಾಸ್‌ವರ್ಡ್ ಒಂದು ಸಲ ತಪ್ಪು ಹಾಕಿದ ಮೇಲೆ ಕೆಳಗೆ "ರೀಸೆಟ್ ಪಾಸ್‌ವರ್ಡ್" ಅಂತ ಬರತ್ತಾ ನೋಡಿ. 2018ರ ಏಪ್ರಿಲ್ ಅಪ್‌ಡೇಟ್‌ನಿಂದ ಈಚೆಗೆ ಲೋಕಲ್ ಅಕೌಂಟ್ ಮಾಡುವಾಗ ಮೂರು ಪ್ರಶ್ನೆ ಕೇಳಿ ಉತ್ತರ ಇಟ್ಕೊಂಡಿರತ್ತೆ, ಅದನ್ನೇ ಈಗ ಕೇಳತ್ತೆ. ಹುಟ್ಟಿದ ಊರು ಅಂದ್ರೆ ಸ್ಪೆಲ್ಲಿಂಗ್ ಯೋಚನೆ ಮಾಡಿ. 2014ರ ನವೆಂಬರ್ 1ಕ್ಕೆ ಸರ್ಕಾರ 12 ಊರಿನ ಹೆಸರು ಬದಲಾಯಿಸ್ತಲ್ಲ, ಬ್ಯಾಂಗಲೋರ್ ಅಂತ ಹಾಕಿದ್ರಾ ಬೆಂಗಳೂರು ಅಂತಲಾ, ಶಿಮೋಗಾನಾ ಶಿವಮೊಗ್ಗಾನಾ, ಎರಡೂ ಹಾಕಿ ನೋಡಿ. "ಅಪ್ಪ ಅಮ್ಮ ಭೇಟಿಯಾದ ಊರು" ಅಂತ ಒಂದು ಪ್ರಶ್ನೆ ಇದೆ, ಅದನ್ನ ಆರಿಸ್ಕೊಂಡಿದ್ರೆ ಹೆಣ್ಣು ನೋಡೋಕೆ ಹೋದ ಊರು ಬರೆದಿದ್ರಾ ಛತ್ರ ಇದ್ದ ಊರು ಬರೆದಿದ್ರಾ ನೀವೇ ನೆನಪು ಮಾಡ್ಕೋಬೇಕು.

ಪ್ರಶ್ನೆ ಇಲ್ಲ ಅಂದ್ರೆ ಅದೇ ಕಂಪ್ಯೂಟರಲ್ಲಿ ಮನೇಲಿ ಇನ್ಯಾರದ್ದಾದ್ರೂ ಅಕೌಂಟ್ ಇದೆಯಾ, ಅದು ಅಡ್ಮಿನ್ ಅಕೌಂಟಾ (ಅಂದ್ರೆ ಎಲ್ಲಾ ಬದಲಾಯಿಸೋ ಹಕ್ಕಿರೋದು) ನೋಡಿ. ಇದ್ರೆ ಅದ್ರಲ್ಲಿ ಹೋಗಿ ಕಂಟ್ರೋಲ್ ಪ್ಯಾನೆಲ್, ಯೂಸರ್ ಅಕೌಂಟ್ಸ್, ಮ್ಯಾನೇಜ್ ಅನದರ್ ಅಕೌಂಟ್, ಅಲ್ಲಿ ನಿಮ್ಮ ಹೆಸರಿಗೆ ಹೊಸ ಪಾಸ್‌ವರ್ಡ್ ಕೊಡಬಹುದು. ಒಂದು ಎಚ್ಚರಿಕೆ, ಹೀಗೆ ಹೊರಗಿಂದ ಬಲವಂತವಾಗಿ ಬದಲಾಯಿಸಿದ್ರೆ ಬ್ರೌಸರಲ್ಲಿ ಸೇವ್ ಆಗಿದ್ದ ಪಾಸ್‌ವರ್ಡ್‌ಗಳು, ನೀವು ವಿಂಡೋಸಲ್ಲೇ ಎನ್‌ಕ್ರಿಪ್ಟ್ ಮಾಡಿಟ್ಟ (ಅಂದ್ರೆ ಗುಪ್ತ ಲಿಪಿಗೆ ಹಾಕಿಟ್ಟ) ಫೈಲ್‌ಗಳು ತೆರೆಯದೇ ಹೋಗಬಹುದು. ಮಾಮೂಲಿ ಫೋಟೋ, ಡಾಕ್ಯುಮೆಂಟಿಗೆ ಏನೂ ಆಗಲ್ಲ.

ಪ್ರಶ್ನೇನೂ ಇಲ್ಲ, ಇನ್ನೊಂದು ಅಡ್ಮಿನ್ನೂ ಇಲ್ಲ, ಮೊದಲೇ ಮಾಡಿಟ್ಟ ಪಾಸ್‌ವರ್ಡ್ ರೀಸೆಟ್ ಡಿಸ್ಕೂ (ಮರೆತಾಗ ಚುಚ್ಚಿ ಪಾಸ್‌ವರ್ಡ್ ಬದಲಾಯಿಸೋಕೆ ಇಟ್ಕೊಳ್ಳೋ ಪೆನ್‌ಡ್ರೈವ್) ಇಲ್ಲ ಅಂದ್ರೆ ಸೀದಾ 8ಕ್ಕೆ ಹೋಗಿ. ವಿಡಿಯೋಗಳಲ್ಲಿ ತೋರಿಸೋ "ಎರಡೇ ನಿಮಿಷದಲ್ಲಿ ಪಾಸ್‌ವರ್ಡ್ ತೆಗೀರಿ" ಅನ್ನೋ ಸಾಫ್ಟ್‌ವೇರ್‌ಗಳನ್ನ ನಾನಂತೂ ಮುಟ್ಟಲ್ಲ, ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ರೆ ಅವು ಏನೂ ಮಾಡಲ್ಲ, ಆಗಿಲ್ದೇ ಇದ್ರೆ ಬೀಗದ ಜೊತೆ ಏನೇನು ಒಳಗೆ ಬಿಟ್ಟು ಹೋಗ್ತವೋ ಯಾರಿಗೆ ಗೊತ್ತು.

6. ನೀಲಿ ಸ್ಕ್ರೀನ್, 48 ಅಂಕಿ

ಬಿಟ್‌ಲಾಕರ್ ಅಂದ್ರೆ ಡಿಸ್ಕಲ್ಲಿರೋ ಎಲ್ಲಾನೂ ಗುಪ್ತ ಲಿಪಿಗೆ ಹಾಕಿಡೋ ವ್ಯವಸ್ಥೆ, ಲ್ಯಾಪ್‌ಟಾಪ್ ಕದ್ದವನು ಡಿಸ್ಕ್ ಬಿಚ್ಚಿದ್ರೂ ಓದೋಕಾಗಬಾರದು ಅಂತ. ಹೋಮ್ ಎಡಿಷನ್ನಲ್ಲಿ ಇದನ್ನ ಡಿವೈಸ್ ಎನ್‌ಕ್ರಿಪ್ಷನ್ ಅಂತಾರೆ. ನಾನು ಆನ್ ಮಾಡೇ ಇಲ್ಲ ಅಂತ ಎಲ್ಲರೂ ಹೇಳ್ತಾರೆ, ನಿಜಾನೇ, ಈಗಿನ ವಿಂಡೋಸ್ 11 ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆದ್ರೆ ಅದೇ ಆನ್ ಆಗ್ಬಿಡತ್ತೆ. ಬಯೋಸ್ ಅಪ್‌ಡೇಟ್, ಮದರ್‌ಬೋರ್ಡ್ ರಿಪೇರಿ ಇಂಥದ್ದೇನಾದ್ರೂ ಆದಾಗ ಯಂತ್ರ ಅದೇನಾ ಅಂತ ಅನುಮಾನ ಬಂದು ಕೀ ಕೇಳತ್ತೆ.

ಆ ಕೀ ಅಂದ್ರೆ 48 ಅಂಕಿ, ಆರಾರು ಅಂಕಿಯ ಎಂಟು ಗುಂಪು. ನೀವು ಹಾಕೋ ಪಾಸ್‌ವರ್ಡೂ ಅಲ್ಲ ಪಿನ್ನೂ ಅಲ್ಲ. ಸಿಗೋದು ಎಲ್ಲಿ ಅಂದ್ರೆ, ಫೋನಲ್ಲಿ 'ಅಕೌಂಟ್ ಡಾಟ್ ಮೈಕ್ರೋಸಾಫ್ಟ್ ಡಾಟ್ ಕಾಮ್'ಗೆ ಹೋಗಿ ಲಾಗಿನ್ ಆಗಿ, ಡಿವೈಸಸ್ ಒಳಗೆ ರಿಕವರಿ ಕೀ ಅಂತ ಇರತ್ತೆ. ಅಲ್ಲಿ ಎರಡು ಮೂರು ಕೀ ಕಾಣಬಹುದು, ನೀಲಿ ಸ್ಕ್ರೀನಲ್ಲಿ ತೋರಿಸೋ ಕೀ ಐಡಿಯ ಮೊದಲ 8 ಅಕ್ಷರಕ್ಕೆ ಯಾವುದು ಹೊಂದತ್ತೋ ಅದನ್ನೇ ಹಾಕಿ. ನಿಮ್ಮ ಅಕೌಂಟಲ್ಲಿ ಇಲ್ಲ ಅಂದ್ರೆ ಮೊದಲ ದಿನ ಸೆಟಪ್ ಮಾಡಿದವರ ಅಕೌಂಟಲ್ಲಿ ನೋಡಿಸಿ, ಮಗಳು ಆನ್‌ಲೈನ್ ಕ್ಲಾಸಿಗೆ ಅಂತ ಕಾಲೇಜ್ ಇಮೇಲಲ್ಲಿ ಲಾಗಿನ್ ಆಗಿದ್ರೆ ಅಲ್ಲೂ ಇರಬಹುದು. ಪ್ರಿಂಟ್ ತೆಗೆದಿಟ್ಟಿದ್ರೆ ಕಡತ ಹುಡುಕಿ.

ಎಲ್ಲೂ ಸಿಗ್ಲಿಲ್ಲ ಅಂದ್ರೆ ಒಳಗಿರೋ ಫೈಲ್ ಹೋದ ಹಾಗೇ. ಇದನ್ನ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡಿನ ಯಾವ ಪಂಡಿತನೂ ಬಿಡಿಸೋಕಾಗಲ್ಲ, ಮೈಕ್ರೋಸಾಫ್ಟಿನವರಿಗೂ ಆಗಲ್ಲ. ದುಡ್ಡು ಕೊಡಿ ತೆಗೆದುಕೊಡ್ತೀನಿ ಅಂದವರಿಗೆ ಅಡ್ವಾನ್ಸ್ ಕೊಡಬೇಡಿ.

7. ಪಾಸ್‌ವರ್ಡ್ ತಗೊಳ್ಳತ್ತೆ, ಆಮೇಲೆ ಏನೂ ಇಲ್ಲ

ಅಪ್‌ಡೇಟ್ ಆಗ್ತಿದ್ರೆ ಒಂದು ಗಂಟೆ ಸುಮ್ನೆ ಬಿಡಿ, ಹಳೇ ಹಾರ್ಡ್ ಡಿಸ್ಕ್ ಇರೋ ಯಂತ್ರಗಳಿಗೆ ಅಷ್ಟು ಹೊತ್ತು ಬೇಕಾಗತ್ತೆ. ಪ್ರಿಂಟರ್, ಪೆನ್‌ಡ್ರೈವ್, ಡಾಂಗಲ್ ಏನೇ ಚುಚ್ಚಿದ್ರೂ ತೆಗೀರಿ.

ಕಪ್ಪು ಪರದೆ ಆದ್ರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಒಟ್ಟಿಗೆ ಒತ್ತಿ, ಡಿಸ್‌ಪ್ಲೇ ಡ್ರೈವರ್ (ಪರದೆ ನಡೆಸೋ ಪ್ರೋಗ್ರಾಮ್) ರೀಸ್ಟಾರ್ಟ್ ಆಗತ್ತೆ. ಆಗ್ಲಿಲ್ವಾ, ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ಬಂದ್ರೆ 'ರನ್ ನ್ಯೂ ಟಾಸ್ಕ್' ಕೊಟ್ಟು ಇಂಗ್ಲಿಷಲ್ಲಿ ಎಕ್ಸ್‌ಪ್ಲೋರರ್ ಅಂತ ಟೈಪ್ ಮಾಡಿ ಎಂಟರ್ ಹೊಡೀರಿ, ಎಷ್ಟೋ ಸಲ ಡೆಸ್ಕ್‌ಟಾಪ್ ಎದ್ದು ಬರತ್ತೆ.

ಬರ್ಲಿಲ್ಲ ಅಂದ್ರೆ ಸೇಫ್ ಮೋಡ್, ಅಂದ್ರೆ ತೀರಾ ಅಗತ್ಯ ಇರೋದನ್ನ ಮಾತ್ರ ಹಾಕ್ಕೊಂಡು ವಿಂಡೋಸ್ ಶುರುವಾಗೋದು. ಲಾಗಿನ್ ಸ್ಕ್ರೀನಲ್ಲಿ ಶಿಫ್ಟ್ ಕೀ ಒತ್ತಿ ಹಿಡ್ಕೊಂಡೇ ಪವರ್ ಗುರುತಿನ ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಿ. ಲಾಗಿನ್ ಸ್ಕ್ರೀನೇ ಬರ್ತಿಲ್ಲ ಅಂದ್ರೆ ವಿಂಡೋಸ್ ಶುರುವಾಗ್ತಿರುವಾಗಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಹೀಗೆ ಎರಡು ಮೂರು ಸಲ ಮಾಡಿದ್ರೆ ಅದೇ ರಿಕವರಿ ಪರದೆಗೆ ತಾನಾಗೇ ಹೋಗತ್ತೆ. ಸೇಫ್ ಮೋಡಲ್ಲಿ ಒಳಗೆ ಹೋಗೋಕಾದ್ರೆ ಇತ್ತೀಚೆಗೆ ಹಾಕಿದ ಆಂಟಿವೈರಸ್ಸೋ ಡ್ರೈವರ್ರೋ ತೆಗೀರಿ. ಅಪ್‌ಡೇಟ್ ಆದ ಮರುದಿನ ಶುರುವಾಗಿದ್ರೆ ಅಡ್ವಾನ್ಸ್ಡ್ ಆಪ್ಷನ್ಸಲ್ಲೇ "ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್" ಇದೆ, ಸಿಸ್ಟಮ್ ರಿಸ್ಟೋರ್ ಕೂಡ ಇದೆ, ಅದು ಸೆಟ್ಟಿಂಗ್‌ಗಳನ್ನ ಹಿಂದಿನ ತಾರೀಖಿಗೆ ಒಯ್ಯತ್ತೆ, ನಿಮ್ಮ ಫೋಟೋ ಫೈಲ್ ಮುಟ್ಟಲ್ಲ.

ಒಳಗೆ ಹೋದ್ರಿ ಆದ್ರೆ ಡೆಸ್ಕ್‌ಟಾಪ್ ಖಾಲಿ, ವಾಲ್‌ಪೇಪರ್ ಬೇರೆ, "ನಿಮ್ಮ ಅಕೌಂಟಿಗೆ ಸೈನ್ ಇನ್ ಆಗೋಕಾಗ್ತಿಲ್ಲ" ಅಂತ ಒಂದು ಸಂದೇಶ. ಎಲ್ಲಾ ಹೋಯ್ತು ಅಂತ ಅಳೋಕೆ ಶುರು ಮಾಡ್ಬೇಡಿ. ವಿಂಡೋಸ್ ನಿಮ್ಮ ಪ್ರೊಫೈಲ್ ತೆರೆಯೋಕಾಗದೆ ತಾತ್ಕಾಲಿಕ ಪ್ರೊಫೈಲ್ ಕೊಟ್ಟಿದೆ ಅಷ್ಟೆ, ನಿಮ್ಮ ಫೈಲ್‌ಗಳು ಸಿ ಡ್ರೈವಿನ ಯೂಸರ್ಸ್ ಫೋಲ್ಡರಲ್ಲಿ ನಿಮ್ಮ ಹೆಸರಿನ ಕೆಳಗೇ ಇರ್ತವೆ. ಎರಡು ಮೂರು ಸಲ ರೀಸ್ಟಾರ್ಟ್ ಮಾಡಿ. ಆ ಖಾಲಿ ಡೆಸ್ಕ್‌ಟಾಪ್ ಮೇಲೆ ಮಾತ್ರ ಏನೂ ಸೇವ್ ಮಾಡ್ಬೇಡಿ, ಸೈನ್ ಔಟ್ ಆದ ತಕ್ಷಣ ಅದು ಅಳಿಸಿ ಹೋಗತ್ತೆ.

8. ಏನೂ ಆಗ್ಲಿಲ್ಲ ಅಂದ್ರೆ ಮೊದ್ಲು ಫೈಲ್ ಹೊರಗೆ ತೆಗೀರಿ

ಈ ಹಂತ ಬಿಟ್ಟು ಮುಂದಕ್ಕೆ ಹೋಗ್ಲೇಬೇಡಿ.

ಇನ್ನೊಂದು ಕಂಪ್ಯೂಟರಲ್ಲಿ ಲಿನಕ್ಸ್ ಮಿಂಟ್ ಡೌನ್‌ಲೋಡ್ ಮಾಡ್ಕೊಳ್ಳಿ, ಉಚಿತ. ಲಿನಕ್ಸ್ ಅಂದ್ರೆ ವಿಂಡೋಸ್ ಥರಾನೇ ಇನ್ನೊಂದು ವ್ಯವಸ್ಥೆ, ಪೆನ್‌ಡ್ರೈವಿಂದಲೇ ನಡೆಸಬಹುದು, ಡಿಸ್ಕಿಗೆ ಹಾಕೋದೇ ಬೇಡ. ರೂಫಸ್ ಅನ್ನೋ ಪುಟ್ಟ ಉಚಿತ ಸಾಫ್ಟ್‌ವೇರಲ್ಲಿ ಅದನ್ನ ಪೆನ್‌ಡ್ರೈವಿಗೆ ಬರೀರಿ. ಪೆನ್‌ಡ್ರೈವಲ್ಲಿ ಇದ್ದಿದ್ದೆಲ್ಲಾ ಅಳಿಸಿ ಹೋಗತ್ತೆ, ಹಾಗಾಗಿ ಸರಿಯಾದ ಡ್ರೈವ್ ಆರಿಸಿದೀರಾ ಅಂತ ಎರಡು ಸಲ ನೋಡಿ. ಅದನ್ನ ನಿಮ್ಮ ಕಂಪ್ಯೂಟರಿಗೆ ಚುಚ್ಚಿ, ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀ ಟಕಟಕ ಒತ್ತುತಾ ಇರಿ, ಡೆಲ್ ಮತ್ತು ಲೆನೋವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪಲ್ಲಿ ಎಸ್ಕೇಪ್. ಲಿಸ್ಟಲ್ಲಿ ಪೆನ್‌ಡ್ರೈವ್ ಆರಿಸಿ. ಡೆಸ್ಕ್‌ಟಾಪ್ ಬಂದ ಮೇಲೆ "ಇನ್‌ಸ್ಟಾಲ್" ಅನ್ನೋ ಐಕಾನ್ ಕಣ್ಣೆದುರೇ ಇರತ್ತೆ, ಅದನ್ನ ಮುಟ್ಟೋ ಹಾಗಿಲ್ಲ, ಮುಟ್ಟಿ ಮುಂದೆ ಮುಂದೆ ಅಂತ ಹೋದ್ರೆ ಉಳಿಸೋಕೆ ಬಂದಿದ್ದನ್ನೇ ಅಳಿಸಿ ಕೂರ್ತೀರಿ.

ಫೈಲ್ ಮ್ಯಾನೇಜರ್ ತೆಗೆದ್ರೆ ನಿಮ್ಮ ಡಿಸ್ಕ್ ಕಾಣತ್ತೆ (ಎನ್‌ಕ್ರಿಪ್ಟ್ ಆಗಿದ್ರೆ ಇಲ್ಲೂ ಅದೇ 48 ಅಂಕಿ ಕೇಳತ್ತೆ). ಯೂಸರ್ಸ್ ಒಳಗೆ ನಿಮ್ಮ ಹೆಸರು, ಅದ್ರಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ. ಡೆಸ್ಕ್‌ಟಾಪ್ ಖಾಲಿ ಇದ್ರೆ ಪಕ್ಕದ ಒನ್‌ಡ್ರೈವ್ (ಫೈಲ್‌ಗಳನ್ನ ಇಂಟರ್ನೆಟ್ಟಲ್ಲೂ ಇಡೋ ಮೈಕ್ರೋಸಾಫ್ಟ್ ಸೇವೆ) ಫೋಲ್ಡರ್ ಒಳಗೆ ಇನ್ನೊಂದು ಡೆಸ್ಕ್‌ಟಾಪ್ ಇರತ್ತೆ, ಅಲ್ಲಿ ನೋಡಿ. ಟ್ಯಾಲಿ ಬಳಸೋರು ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರ್ ಮರೀಬೇಡಿ, ಟ್ಯಾಲಿ ಪ್ರೈಮ್ ಡೇಟಾ ಬೇರೆ ಜಾಗ ಹೇಳಿಲ್ಲ ಅಂದ್ರೆ ಅಲ್ಲೇ ಕೂತಿರತ್ತೆ, ಜನ ತಮ್ಮ ಹೆಸರಿನ ಫೋಲ್ಡರ್ ಮಾತ್ರ ತಗೊಂಡು ಬಂದು ಆಮೇಲೆ ತಲೆ ಮೇಲೆ ಕೈ ಹೊತ್ಕೋತಾರೆ. ಕನ್ನಡ ಟೈಪ್ ಮಾಡೋ ಸಾಫ್ಟ್‌ವೇರ್‌ಗಳಾದ ನುಡಿ, ಬರಹದ ಹಳೇ ಫಾಂಟಲ್ಲಿ ಟೈಪ್ ಮಾಡಿದ ಪತ್ರಗಳು ಬೇರೆ ಕಂಪ್ಯೂಟರಲ್ಲಿ ತೆರೆದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರದ ರಾಶಿ ಥರ ಕಾಣ್ತವೆ, ಫೈಲ್ ಕೆಟ್ಟಿಲ್ಲ, ಆ ಫಾಂಟ್ ಹಾಕಿದ್ರೆ ಸರಿಯಾಗತ್ತೆ.

ಕಾಪಿ ಆದ ಮೇಲೆ ನಾಲ್ಕು ಫೋಟೋ, ಎರಡು ಡಾಕ್ಯುಮೆಂಟ್ ಎಕ್ಸ್‌ಟರ್ನಲ್ ಡಿಸ್ಕಿಂದ ತೆರೆದು ನೋಡಿ.

9. ಆಮೇಲೆ ರೀಸೆಟ್

ಶಿಫ್ಟ್ ಹಿಡಿದು ರೀಸ್ಟಾರ್ಟ್, ಟ್ರಬಲ್‌ಶೂಟ್, "ರೀಸೆಟ್ ದಿಸ್ ಪಿಸಿ". ಪಾಸ್‌ವರ್ಡ್ ಮರೆತಿದ್ದಕ್ಕೆ ಇಲ್ಲಿಗೆ ಬಂದಿದ್ರೆ "ರಿಮೂವ್ ಎವ್ರಿಥಿಂಗ್" ಬಿಟ್ರೆ ದಾರಿ ಇಲ್ಲ, "ಕೀಪ್ ಮೈ ಫೈಲ್ಸ್" ಕೊಟ್ರೆ ಹಳೇ ಅಕೌಂಟೂ ಹಳೇ ಬೀಗಾನೂ ಹಾಗೇ ಉಳಿಯತ್ತೆ. ಕ್ಲೌಡ್ ಡೌನ್‌ಲೋಡ್ (ವಿಂಡೋಸನ್ನ ಇಂಟರ್ನೆಟ್ಟಿಂದ ಹೊಸದಾಗಿ ಇಳಿಸ್ಕೊಳ್ಳೋದು) ಆರಿಸಿದ್ರೆ 4 ಜಿಬಿಗಿಂತ ಹೆಚ್ಚು ಡೇಟಾ ಎಳೆಯತ್ತೆ, ಮೊಬೈಲ್ ಡೇಟಾದಲ್ಲಿ ಮಾಡೋರು ನೋಡ್ಕೊಳ್ಳಿ. ವಿಂಡೋಸ್ ಹೊಸದಾಗಿ ಕೊಂಡ್ಕೋಬೇಕಿಲ್ಲ, ಒರಿಜಿನಲ್ ವಿಂಡೋಸ್ ಜೊತೆ ಬಂದ ಲ್ಯಾಪ್‌ಟಾಪ್ ಆದ್ರೆ ಲೈಸೆನ್ಸ್ ಆ ಯಂತ್ರಕ್ಕೇ ಅಂಟಿಕೊಂಡಿರತ್ತೆ, ಇಂಟರ್ನೆಟ್ ಸಿಕ್ಕ ತಕ್ಷಣ ಆ್ಯಕ್ಟಿವೇಟ್ ಆಗತ್ತೆ. "ವಿಂಡೋಸ್‌ಗೆ ಬೇರೆ ಚಾರ್ಜ್" ಅಂದ್ರೆ ಇದನ್ನ ಹೇಳಿ. ಲ್ಯಾಪ್‌ಟಾಪ್ ಜೊತೆ ಬಂದ ಆಫೀಸ್ ಮಾತ್ರ ಹಳೇ ಮೈಕ್ರೋಸಾಫ್ಟ್ ಅಕೌಂಟಿಗೆ ಕಟ್ಟಿರತ್ತೆ, ಆ ಅಕೌಂಟ್ ವಾಪಸ್ ಸಿಗದೇ ಇದ್ರೆ ಅದೂ ಇಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಯಂತ್ರ ತಡೆಯೋ ಹಾಗಿದ್ರೆ ಇದೇ ಓಟದಲ್ಲಿ 11ಕ್ಕೆ ಹೋಗ್ಬಿಡಿ.

ಮೋಸ ಹೋಗೋದು ಹೇಗೆ ಅಂದ್ರೆ

ಗಾಬರೀಲಿ "ಮೈಕ್ರೋಸಾಫ್ಟ್ ಹೆಲ್ಪ್‌ಲೈನ್" ಅಂತ ಹುಡುಕಿ ಮೊದಲು ಕಂಡ ನಂಬರಿಗೆ ಫೋನ್ ಮಾಡ್ತೀರಿ, ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿ ಫೋನಿಗೆ ಎನಿಡೆಸ್ಕ್ ಹಾಕ್ಕೊಳ್ಳಿ ಅಂತಾನೆ, ಅಂದ್ರೆ ನಿಮ್ಮ ಸ್ಕ್ರೀನ್ ಅವನಿಗೆ ಕಾಣೋ ಹಾಗೆ ಮಾಡೋ ಆ್ಯಪ್. ಅಲ್ಲಿಂದ ಓಟಿಪಿ, ಅಲ್ಲಿಂದ ಬ್ಯಾಂಕು. ಮೈಕ್ರೋಸಾಫ್ಟಿನ ಎರರ್ ಮೆಸೇಜಲ್ಲಿ ಫೋನ್ ನಂಬರ್ ಯಾವತ್ತೂ ಇರಲ್ಲ, ಸ್ಕ್ರೀನ್ ಮೇಲೆ ನಂಬರ್ ಕಂಡ್ರೆ ಅದು ಕಳ್ಳರದ್ದು. ಅಸಲಿ ಸಪೋರ್ಟಿನವರು ಸಹ ನಿಮ್ಮ ಪಾಸ್‌ವರ್ಡ್ ಬದಲಾಯಿಸಿ ಕೊಡಲ್ಲ, ರೀಸೆಟ್ ಲಿಂಕ್ ಕಳಿಸಲ್ಲ. ದುಡ್ಡು ಹೋಗಿಬಿಟ್ಟಿದ್ರೆ ಯೋಚನೆ ಮಾಡ್ತಾ ಕೂರದೆ ತಕ್ಷಣ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಂಗಡಿಗೇ ಕೊಡ್ತೀರಿ ಅಂದ್ರೆ ಬಾಯಲ್ಲಿ ಹೇಳಿ ಬರಬೇಡಿ, "ಡೇಟಾ ಬೇಕು, ಕೇಳದೆ ಫಾರ್ಮ್ಯಾಟ್ ಮಾಡಬಾರದು" ಅಂತ ಅವರ ರಸೀದಿ ಮೇಲೇ ಬರೆಸಿಕೊಳ್ಳಿ.

ಒಳಗೆ ಹೋದ ತಕ್ಷಣ

ಖುಷೀಲಿ ಸಿನಿಮಾ ಹಾಕೋಕೆ ಮುಂಚೆ ಹತ್ತು ನಿಮಿಷ ಕೊಡಿ. ಮೈಕ್ರೋಸಾಫ್ಟ್ ಅಕೌಂಟಿನ ಭದ್ರತಾ ಪುಟದಲ್ಲಿ ಈಗಿನ ಫೋನ್ ನಂಬರ್ ಹಾಕಿ, ಜೊತೆಗೆ ಮನೆಯವರ ಒಂದು ಇಮೇಲ್ ಸೇರಿಸಿ, ಹಳೇ ನಂಬರ್ ತೆಗೀರಿ. ಸೆಟ್ಟಿಂಗ್ಸಲ್ಲಿ ಇನ್ನೊಂದು ಅಡ್ಮಿನ್ ಅಕೌಂಟ್ ಮಾಡಿ ಅದಕ್ಕೆ ಬೇರೆ ಪಾಸ್‌ವರ್ಡ್ ಕೊಟ್ಟಿಡಿ, ಮುಂದಿನ ಸಲ ಒಂದು ಕೈ ಕೊಟ್ರೆ ಇನ್ನೊಂದರಲ್ಲಿ ಹೋಗಬಹುದು. 48 ಅಂಕಿ ಕೀ ತೆಗೆದು ಕೈಯಲ್ಲೇ ಬರೆದು, ಬರೆದಿದ್ದನ್ನ ಇನ್ನೊಬ್ಬರ ಹತ್ರ ಗಟ್ಟಿಯಾಗಿ ಓದಿಸಿ ತಾಳೆ ನೋಡಿ, ಮನೆ ಕಾಗದಪತ್ರ ಇಡೋ ಕವರಿಗೆ ಹಾಕಿ. ಆ ಚೀಟೀನ ಲ್ಯಾಪ್‌ಟಾಪಿನ ತಳಕ್ಕೆ ಮಾತ್ರ ಅಂಟಿಸಬೇಡಿ, ಅಂಟಿಸಿದವರನ್ನ ನೋಡೇ ಹೇಳ್ತಿರೋದು.